ಎರಡನೆಯ ಬ್ಯಾಟರಿ

ಹಲ್ಲುಜ್ಜಿ, ಎರಡು ಲೋಟ ಕಾಫಿ ಕುಡಿದ ಮೇಲೂ ಓಬಯ್ಯನ ಬಾಯಿಂದ ಸೀಸದ ರುಚಿ ಹೋಗಲಿಲ್ಲ. ಹಗಲೆಲ್ಲ ಬ್ಯಾಟರಿಗಳ ಜೊತೆ ಹೆಣಗುವವನ ಬಾಯಲ್ಲಿ ಅದಿಲ್ಲದೆ ಇನ್ನೇನು ಇರುತ್ತದೆ ಎಂದು ಯಾರಾದರೂ ಕೇಳಬಹುದು. ಆದರೆ ನಿನ್ನೆ ಭಾನುವಾರ, ಮೊನ್ನೆ ಜ್ವರವೆಂದು ಮಲಗಿದ್ದ, ಎರಡು ದಿನದಿಂದ ಅವನು ಒಂದು ಟಾರ್ಚಿನ ಸೆಲ್ಲನ್ನೂ ಮುಟ್ಟಿರಲಿಲ್ಲ. ಶುಕ್ರವಾರ ಸಂಜೆ ಶಾಮಿಯಾನದ ಜಯಕುಮಾರ್ ಫೋನು ಮಾಡಿ, "ಸೋಮವಾರ ಹೊಸ ಪಿಕಪ್ ತರ್ತೀನಿ ಓಬಯ್ಯ, ಎರಡನೇ ಬ್ಯಾಟರಿ ಕೂರಿಸ್ಬೇಕು. ಹೋದ ಸಲದ ಥರ ಅಲ್ಲ ಮತ್ತೆ" ಅಂದಿದ್ದನಲ್ಲ, ರುಚಿ ಶುರುವಾದದ್ದು ಆವಾಗಿನಿಂದ. ಜಯಕುಮಾರ್ ಯಾವ ಕೆಟ್ಟ ಅರ್ಥವನ್ನೂ ಇಟ್ಟುಕೊಂಡು ಹೇಳಿದ ಮಾತಲ್ಲ ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ತಾನೇ ಆಗಿಬಿಟ್ಟೆನಲ್ಲ ಎಂದು ಓಬಯ್ಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆಂಡತಿ ಚೌಡಮ್ಮ ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತ, "ಆ ಹುಡುಗನ ವಿಷ್ಯ ಒಂದೀಟು ಎತ್ತಿ. ಶೀಲಾ ಪಾಪ ದಿನಾ ಕೇಳ್ತಾಳೆ" ಅಂದಳು. ಅವನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಚಪ್ಪಲಿ ಕಾಲಲ್ಲೇ ಇತ್ತು.

ಹೊಸಮನೆಯ ತಿರುವಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ ಅದೇ ಶೀಲಾ ಎದುರಾದಳು. ಸಿದ್ದುವಿನ ಹೆಂಡತಿ. ಓಬಯ್ಯನ ಮನೆಯಿಂದ ನಾಲ್ಕನೆಯ ಬಾಗಿಲು ಅವರದು. ಹೊಲಿಗೆಗೆ ತಂದ ಬಟ್ಟೆಯ ಗಂಟನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ಬೇಗಬೇಗ ಬಂದಳು, ಬಸ್ಸು ಬಂದುಬಿಡುತ್ತದೆಂಬ ಹೆದರಿಕೆಯಲ್ಲಿ.

"ಮಾವ, ಇವತ್ತು ಜಯಣ್ಣನ ಗಾಡಿ ಕೆಲ್ಸ ಅಂತೆ. ಅತ್ತೆ ಹೇಳಿದ್ರು."

"ಹೂಂನಮ್ಮ."

"ಒಂದು ಮಾತು ಹೇಳಿ ನೋಡಿ ಮಾವ. ನಿಮ್ಮ ಮಾತು ಅವ್ರು ತೆಗೆದುಹಾಕಲ್ಲ. ಇಟ್ಟಿಗೆ ಹೊತ್ತು ಹೊತ್ತು ಇವ್ರ ಸೊಂಟ ಹೋಗೈತೆ. ಯಾವ ಗಾಡಿ ಓನರ್ ಹತ್ರ ಹೋದ್ರೂ ಹೆಣ ಕೊಳೆಸಿದ ಡ್ರೈವರ್ ಅಂತಾರೆ. ತಪ್ಪು ಇವ್ರದೇ, ನಾನೇನು ಇಲ್ಲ ಅನ್ನಲ್ಲ. ನೀವು ಅಷ್ಟು ಬಿಡಿಸಿ ಹೇಳಿದ್ರೂ ಮರೆತ್ರಲ್ಲ. ಆದ್ರೆ ವರ್ಷ ಆಯ್ತಲ್ಲ ಮಾವ, ಸಾಲದಾ?"

ನೀವು ಅಷ್ಟು ಬಿಡಿಸಿ ಹೇಳಿದರೂ. ಓಬಯ್ಯ ರಸ್ತೆಯ ಆಚೆ ನೋಡಿದ. "ಹೇಳ್ತೀನಿ" ಎಂದ. "ಹೇಳೇ ಹೇಳ್ತೀನಿ." ಎರಡನೆಯ ಸಲ ಹೇಳಿದ್ದು ಅವಳಿಗಲ್ಲ. ಅವಳಿಗೆ ಅಷ್ಟೇ ಸಾಕಾಯಿತು, ಬಗ್ಗಿ ಅವನ ಕಾಲು ಮುಟ್ಟಲು ಹೋದಳು, ಗಂಟು ಜಾರಿತು, ಯಾರದೋ ಮದುವೆಯ ರವಿಕೆ ಬಟ್ಟೆಗಳು ಮಣ್ಣಿಗೆ ಬಿದ್ದವು. ಇಬ್ಬರೂ ಕೂತು ಅವನ್ನು ಆರಿಸಿಕೊಳ್ಳುತ್ತಿರುವಾಗ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದಕ್ಕೆ ಓಬಯ್ಯನಿಗೆ ಸಣ್ಣ ಖುಷಿಯಾಗಿ, ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಜಯಕುಮಾರನದು ಶಿವಮೊಗ್ಗದಲ್ಲಿ ಶಾಮಿಯಾನದ ಅಂಗಡಿ. ಮದುವೆಗೆ ಕುರ್ಚಿ, ಹಂಡೆ, ಚಪ್ಪರ; ಸಾವಿಗೂ ಅದೇ ಕುರ್ಚಿ, ಅದೇ ಚಪ್ಪರ. ಮೂರು ವರ್ಷದ ಹಿಂದೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆಯೊಂದನ್ನು ತರಿಸಿದ. ದೂರದ ಮಕ್ಕಳು ಬಂದು ಮುಖ ನೋಡುವ ತನಕ ಕಾಯಬೇಕಾದ ಮನೆಗಳು ಹೆಚ್ಚುತ್ತಿದ್ದವು, ಪೆಟ್ಟಿಗೆಗೆ ಬೇಡಿಕೆ ಬಂತು. ಆದರೆ ಹಳ್ಳಿಗಳಲ್ಲಿ ಕರೆಂಟಿನದೇ ತಾಪತ್ರಯ. ಅದಕ್ಕೆ ಓಬಯ್ಯ ಪಿಕಪ್ಪಿಗೆ ಎರಡನೆಯ ಬ್ಯಾಟರಿ ಕೂರಿಸಿ, ಇನ್ವರ್ಟರ್ ಕಟ್ಟಿ ಕೊಟ್ಟಿದ್ದ. ಕರೆಂಟ್ ಹೋದರೆ ಅಂಗಳದಲ್ಲಿ ನಿಂತ ಗಾಡಿಯಿಂದ ಒಂದು ವೈರು ಮನೆಯೊಳಕ್ಕೆ ಹೋಗಿ ಪೆಟ್ಟಿಗೆ ನಡೆಸುತ್ತದೆ. ಬ್ಯಾಟರಿ ಇಳಿಯುತ್ತ ಬಂದರೆ ಎಂಜಿನ್ ಚಾಲೂ ಮಾಡಿ ಮತ್ತೆ ತುಂಬಿಸಿಕೊಳ್ಳಬೇಕು. ಎಂಜಿನ್ ಚಾಲೂ ಆಗಬೇಕಾದರೆ ಗಾಡಿಯ ಸ್ವಂತ ಬ್ಯಾಟರಿಯಲ್ಲಿ ಜೀವ ಇರಬೇಕು. ಹಾಗಾಗಿ ಎರಡರ ನಡುವೆ ಓಬಯ್ಯ ಒಂದು ಕೈ ಸ್ವಿಚ್ಚು ಇಟ್ಟಿದ್ದ, ತಾಮ್ರದ ಅಲಗು, ಮರದ ಹಿಡಿಕೆ. ಗಾಡಿ ಓಡುವಾಗ ಹಾಕಬೇಕು, ನಿಂತ ಕೂಡಲೇ ಎತ್ತಬೇಕು. ಎತ್ತದೆ ಹೋದರೆ ಪೆಟ್ಟಿಗೆ ಎರಡು ಬ್ಯಾಟರಿಯನ್ನೂ ಒಟ್ಟಿಗೇ ಹೀರಿ ಖಾಲಿ ಮಾಡುತ್ತದೆ. ಅದನ್ನು ತಾನಾಗಿಯೇ ಮಾಡುವ ರಿಲೇ ಆವತ್ತೂ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಇಪ್ಪತ್ತೇಳು ವರ್ಷ ಉಕ್ಕಿನ ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಬಾಳಿದ ಓಬಯ್ಯನಿಗೆ ಡಬ್ಬಿಯೊಳಗೆ ಕೂತು ಟಿಕ್ಕೆನ್ನುವ ರಿಲೇಯ ಮೇಲೆ ನಂಬಿಕೆಯಿರಲಿಲ್ಲ. ಕಣ್ಣಿಗೆ ಕಾಣುವ ಅಲಗು, ಅದನ್ನು ಎತ್ತುವ ಮನುಷ್ಯನ ಕೈ, ಅವನ ನಂಬಿಕೆಯೆಲ್ಲ ಅಲ್ಲಿ.

ಕಾರ್ಖಾನೆಯಲ್ಲಿ ಆ ನಂಬಿಕೆಗೆ ಒಂದು ಕಟ್ಟುಪಾಡು ಇತ್ತು. ಪಾಳಿ ಬದಲಾಗುವಾಗ ಹೋಗುವವನು ಬರುವವನಿಗೆ ಚಾರ್ಜ್ ಕೊಡಬೇಕು. ಯಾವ ಸ್ವಿಚ್ಚು ಎತ್ತಿದೆ, ಯಾವುದು ಹಾಕಿದೆ, ಯಾವ ಲೈನಿನ ಮೇಲೆ ಯಾರು ಹತ್ತಿದ್ದಾರೆ, ಒಂದೊಂದಾಗಿ ಬಾಯಿಬಿಟ್ಟು ಹೇಳಬೇಕು. ಬರುವವನು ಅದನ್ನು ಹಾಗೆಯೇ ತಿರುಗಿ ಒಪ್ಪಿಸಬೇಕು, ಶಾಲೆಯ ಮಗ್ಗಿಯ ಹಾಗೆ. ಹೋಗುವವನಿಗೂ ಬರುವವನಿಗೂ ಮಾತುಬಿಟ್ಟಿದ್ದರೂ ಸರಿಯೇ. ಅದೇ ಸೆಕ್ಷನ್ನಿನ ಲಿಂಗಪ್ಪ ಓಬಯ್ಯನ ಜೊತೆ ಹನ್ನೊಂದು ವರ್ಷ ಮಾತಾಡಲಿಲ್ಲ, ಯಾವುದೋ ಕ್ವಾರ್ಟರ್ಸಿನ ನಲ್ಲಿಯ ಜಗಳ. ಆ ಹನ್ನೊಂದು ವರ್ಷವೂ ದಿನಾ ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡದೆ ಚಾರ್ಜ್ ಕೊಟ್ಟರು, ಚಾರ್ಜ್ ತಗೊಂಡರು. ಬೈಗುಳ ಬೇರೆ, ಚಾರ್ಜ್ ಬೇರೆ. ಎಲ್ಲರ ಕೈಗೆ ಒಂದೊಂದು ಕಾಗದ ಕೊಟ್ಟು, ಇಷ್ಟು ತಗೊಂಡು ಮನೆಗೆ ನಡೆಯಿರಿ ಎಂದ ಕೊನೆಯ ದಿನ ಕೂಡ ಓಬಯ್ಯ ಚಾರ್ಜ್ ಕೊಡಲು ಮನುಷ್ಯನನ್ನು ಹುಡುಕಿದ. ಬರುವವನೇ ಇರಲಿಲ್ಲ. ಖಾಲಿ ಸ್ವಿಚ್‌ಹೌಸಿನಲ್ಲಿ ನಿಂತು ಗೋಡೆಗೆ ಹೇಳಿ ಬಂದಿದ್ದ. ಈ ಕತೆಯನ್ನು ಅವನು ಈಗ ಶೆಡ್ಡು ಇಟ್ಟುಕೊಂಡಿರುವ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಹತ್ತು ಜನರಿಗಾದರೂ ಹೇಳಿದ್ದಾನೆ, ಹೆಮ್ಮೆಯಿಂದ. ಈಗ ಒಂದು ವರ್ಷದಿಂದ ಹೇಳುವುದನ್ನು ಬಿಟ್ಟಿದ್ದಾನೆ.

ಮಾಚೇನಹಳ್ಳಿ ದಾಟಿತು, ನಿದಿಗೆಯಲ್ಲಿ ಬಸ್ಸು ತುಂಬಿತು. ಪಕ್ಕದಲ್ಲಿ ಕೂತ ಹೆಂಗಸಿನ ಬುಟ್ಟಿಯಿಂದ ಮಲ್ಲಿಗೆಯ ವಾಸನೆ ಬಂದು ಓಬಯ್ಯನಿಗೆ ತಲೆ ಸುತ್ತಿದಂತಾಯಿತು. ಹೋದ ವರ್ಷ ಹೊಳಲೂರಿನ ಆ ಸಾವಿನ ಮನೆಯಲ್ಲಿ ಹೆಣದ ವಾಸನೆ ಮುಚ್ಚಲು ಬುಟ್ಟಿಗಟ್ಟಲೆ ಮಲ್ಲಿಗೆ ಸುರಿದಿದ್ದರಂತೆ. ಅವನು ಕಂಡದ್ದಲ್ಲ, ಕೇಳಿದ್ದು. ಕೇಳಿದ್ದೇ ಕಂಡದ್ದಕ್ಕಿಂತ ಹೆಚ್ಚಾಗಿ ಕಾಡುತ್ತದೆ, ಯಾಕೆಂದರೆ ಅದಕ್ಕೆ ಬಣ್ಣ ತುಂಬುವವರು ನಾವೇ. ಹಿಂದಿನ ದಿನದ ಗಾಳಿಮಳೆಗೆ ಕಂಬ ಮುರಿದು ಊರಿಗೇ ಕರೆಂಟಿಲ್ಲ. ಶಕುಂತಲಮ್ಮ ಎಂಬ ಮುದುಕಿ ಪೆಟ್ಟಿಗೆಯಲ್ಲಿ. ಮಗಳು ಶಾಮಲಾ ನಾಗಪುರದಿಂದ ಹೊರಟಿದ್ದಾಳೆ, ಸಂಜೆ ಐದಕ್ಕೆ ಮುಟ್ಟುತ್ತಾಳೆ. ಹೊಸ ಡ್ರೈವರ್ ಸಿದ್ದು ಗಾಡಿ ನಿಲ್ಲಿಸಿ, ವೈರು ಎಳೆದು, ಮಾವಿನ ಮರದಡಿ ಕೂತಿದ್ದಾನೆ; ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇದೆ. ಬೆಳಗ್ಗೆ ಪೆಟ್ಟಿಗೆಯ ಸದ್ದು ನಿಂತಾಗ ಎಂಜಿನ್ ಚಾಲೂ ಮಾಡಲು ಹೋದರೆ ಸೆಲ್ಫ್ ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ತಳ್ಳಿ ನೋಡೋಣ ಎಂದರು. ಸತ್ತವಳ ಇಬ್ಬರು ಗಂಡುಮಕ್ಕಳು, ತಲೆಗೆ ನೀರು ಹುಯ್ದುಕೊಂಡವರು, ಒದ್ದೆ ಪಂಚೆಯಲ್ಲಿ ಪಿಕಪ್ಪನ್ನು ಓಣಿಯ ಉದ್ದಕ್ಕೂ ತಳ್ಳಿದರು. ಎಂಜಿನ್ನಿಗೆ ಡೀಸೆಲ್ಲು ಬಿಡುವ ಕವಾಟಕ್ಕೂ ಒಂದು ಹನಿ ಕರೆಂಟು ಬೇಕು, ಅದೂ ಇರಲಿಲ್ಲ. ಏಪ್ರಿಲ್ಲಿನ ಬಿಸಿಲು. ಹನ್ನೆರಡರ ಹೊತ್ತಿಗೆ ಹಿರಿಯರು ಇನ್ನು ಕಾಯುವುದು ಬೇಡ ಎಂದರು. ಐದಕ್ಕೆ ಶಾಮಲಾ ಆಟೋದಿಂದ ಇಳಿದು ನೇರ ಹೊಳೆಯ ದಡಕ್ಕೇ ಓಡಿದಳಂತೆ. ಅಲ್ಲಿ ಕೆಂಡವಿತ್ತು.

ಸ್ವಿಚ್ಚು ಎತ್ತಬೇಕೆಂದು ಓಬಯ್ಯ ಸಿದ್ದುವಿಗೆ ಯಾಕೆ ಹೇಳಲಿಲ್ಲ? ಹಳೆಯ ಡ್ರೈವರ್ ಚೌಡಪ್ಪನಿಗೆ ಓಬಯ್ಯ ಮೂರು ಸಲ ಹೇಳಿ ಒಪ್ಪಿಸಿಕೊಂಡಿದ್ದ. ಚೌಡಪ್ಪ ಕೆಲಸ ಬಿಟ್ಟು ಸಿದ್ದು ಬಂದ. ಸಿದ್ದುವನ್ನು ಅಲ್ಲಿಗೆ ಸೇರಿಸಿದವನೂ ಓಬಯ್ಯನೇ, ನಮ್ಮ ಕೇರಿಯ ಹುಡುಗ ಎಂದು. ಹೊಳಲೂರಿನ ಘಟನೆಗೆ ವಾರದ ಮೊದಲು ಬ್ಯಾಟರಿಗೆ ನೀರು ಹಾಕಿಸಲು ಸಿದ್ದು ಗಾಡಿ ತಂದ. ಜಯಕುಮಾರ್ ಕೂಡ ಬಂದಿದ್ದ. ಶೆಡ್ಡಿನ ಮುಂದೆ ಎರಡೇ ಕುರ್ಚಿ. ಒಂದರಲ್ಲಿ ಜಯಕುಮಾರ್, ಇನ್ನೊಂದರಲ್ಲಿ ಸಿದ್ದು ಕಾಲ ಮೇಲೆ ಕಾಲು ಹಾಕಿ ಕೂತ, ಜಯಣ್ಣ ಜಯಣ್ಣ ಎಂದು ಮಾತಾಡಿದ. ಓಬಯ್ಯ ಆ ಮನುಷ್ಯನನ್ನು ಆರು ವರ್ಷದಿಂದ ಸಾರ್ ಎನ್ನುತ್ತಿದ್ದಾನೆ. ಗಾಡಿಯ ಕೆಳಗೆ ಅಂಗಾತ ಮಲಗಿದ್ದವನ ಕಿವಿಗೆ ಸಿದ್ದುವಿನ ನಗು ಬಿತ್ತು: "ನಮ್ಮ ಓಬಯ್ಯ ಮಾವ ಫ್ಯಾಕ್ಟ್ರೀಲಿ ದೊಡ್ಡ ಎಲೆಕ್ಟ್ರಿಷಿಯನ್ ಜಯಣ್ಣ. ಬಲ್ಬು ಬದಲಾಯಿಸೋದ್ರಲ್ಲಿ ಅವ್ರ ಸಮ ಯಾರೂ ಇರ್ಲಿಲ್ವಂತೆ!" ಜಯಕುಮಾರ್ ನಕ್ಕ. ಬರಿಯ ತಮಾಷೆ, ಕೇರಿಯಲ್ಲಿ ದಿನಾ ಇದಕ್ಕಿಂತ ಹೆಚ್ಚಿನದನ್ನು ಆಡಿಕೊಳ್ಳುತ್ತಾರೆ. ಆದರೆ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಕೆಳಗೆ ಮಲಗಿದವನಿಗೆ ಮೇಲಿನ ನಗು ಬೇರೆಯಾಗಿಯೇ ಕೇಳಿಸುತ್ತದೆ. ಎದ್ದು ಬಂದು ಕೈ ಒರೆಸಿಕೊಂಡ. ಸ್ವಿಚ್ಚಿನ ವಿಷಯ ನಾಲಗೆಯ ತುದಿಯಲ್ಲಿತ್ತು. ಕೇಳಲಿ, ಹೇಳುತ್ತೇನೆ ಎಂದುಕೊಂಡ. ಅಷ್ಟು ದೊಡ್ಡವನಲ್ಲವೇ, ಕೇಳಲಿ. ಸಿದ್ದು ಕೇಳಲಿಲ್ಲ. ಗಾಡಿ ಹೋಯಿತು. ಓಬಯ್ಯನಿಗೆ ಆವತ್ತು ಮಧ್ಯಾಹ್ನದ ಊಟ ರುಚಿಸಿತ್ತು ಕೂಡ.

ಹೊಳಲೂರಿನದು ಆದ ಮೇಲೆ ಜಯಕುಮಾರ್ ಹತ್ತು ಜನರ ಮುಂದೆ, "ಸ್ವಿಚ್ ಎತ್ತಬೇಕು ಅಂತ ಇವನಿಗೆ ಹೇಳಿದ್ಯಾ ಇಲ್ವಾ?" ಎಂದು ಗದರಿಸಿದಾಗ ಓಬಯ್ಯನ ಬಾಯಿಂದ "ಹೇಳಿದ್ದೆ ಸಾರ್" ಎಂಬುದು ಉಸಿರಿನಷ್ಟೇ ಸುಲಭವಾಗಿ ಬಂತು. ಸಿದ್ದು ಅವನ ಮುಖ ನೋಡಿದ. ಸುಳ್ಳು ಎನ್ನಲಿಲ್ಲ. ನೆನಪು ಮಾಡಿಕೊಳ್ಳಲು ಒದ್ದಾಡುವವನ ಹಾಗೆ ಹುಬ್ಬು ಗಂಟಿಕ್ಕಿ, "ಇರಬೋದು" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆವತ್ತೇ ಅವನ ಕೆಲಸ ಹೋಯಿತು.

ಆಟೋ ಕಾಂಪ್ಲೆಕ್ಸಿನ ಶೆಡ್ಡಿನ ಮುಂದೆ ಹೊಸ ಪಿಕಪ್ ಆಗಲೇ ಬಂದು ನಿಂತಿತ್ತು. ಬಿಳಿ ಬಣ್ಣ, ಬಂಪರಿಗೆ ನಿಂಬೆಹಣ್ಣು, ಸೀಟಿಗೆ ಇನ್ನೂ ಪ್ಲಾಸ್ಟಿಕ್ಕು. ಜಯಕುಮಾರ್ ಗಡಿಯಾರ ನೋಡಿಕೊಂಡ. "ಏನ್ ಮಾರಾಯ, ನೀನು ಬರೋ ಹೊತ್ತಿಗೆ ಗಾಡಿ ಹಳೇದಾಗತ್ತೆ" ಎಂದ. ಅವನಿಗೆ ನಲವತ್ತಾಗಿರಲಿಲ್ಲ, ಓಬಯ್ಯನಿಗೆ ಐವತ್ತಾರು. ಓಬಯ್ಯ ನಕ್ಕ. ನಗುವುದು ಕೆಲಸದ ಒಂದು ಭಾಗ ಎಂಬುದನ್ನು ಕಾರ್ಖಾನೆ ಬಿಟ್ಟ ಮೇಲೆ ಕಲಿತಿದ್ದ.

ಕೆಲಸ ಶುರುವಾದ ಮೇಲೆ ಸ್ವಲ್ಪ ಹೊತ್ತು ಜಗತ್ತು ಸರಿಯಾಗಿತ್ತು. ಗಾಡಿಯ ಪಕ್ಕೆಯಲ್ಲಿ, ಹಿಂದಿನ ಚಕ್ರದ ಮುಂದೆ, ಚಾಸಿಗೆ ಆನಿಸಿ ಕಬ್ಬಿಣದ ಪಟ್ಟಿಯ ತೊಟ್ಟಿಲು ಕಟ್ಟಿದ. ಒಳಗೆ ಹಳೆಯ ಟ್ಯೂಬಿನ ರಬ್ಬರ್ ಹಾಸಿದ, ಹಳ್ಳಿಯ ರಸ್ತೆಗೆ ಬ್ಯಾಟರಿ ಕುಲುಕಬಾರದು. ಎರಡನೆಯ ಬ್ಯಾಟರಿಯನ್ನು ಇಬ್ಬರು ಹಿಡಿದು ಕೂರಿಸಿದರು. ಎಂಜಿನ್ನಿನ ಕಡೆಯಿಂದ ಹೆಬ್ಬೆರಳು ದಪ್ಪದ ಕೇಬಲ್ಲನ್ನು ಬಿಸಿ ಪೈಪಿನಿಂದ ದೂರ ಮಾಡಿ ಎಳೆದು ತಂದ, ಎರಡೂ ತುದಿಗೆ ಒಂದೊಂದು ಫ್ಯೂಸು ಕೊಟ್ಟ. ಚಾಸಿಯ ಹೊಸ ಬಣ್ಣವನ್ನು ಉಳಿಯಿಂದ ಕೆರೆದು ಬೆಳ್ಳಗೆ ಕಬ್ಬಿಣ ಕಾಣುವ ತನಕ ಉಜ್ಜಿ ನೆಗೆಟಿವ್ ತಂತಿಯನ್ನು ಬಿಗಿದ. ಹೊಸ ಬಣ್ಣ ಕೆರೆಯುವಾಗ ಜಯಕುಮಾರ್ ಸ್ಸ್ ಎಂದ. "ಬಣ್ಣದ ಮೇಲೆ ಕಟ್ಟಿದ್ರೆ ಕರೆಂಟ್ ಹರಿಯಲ್ಲ ಸಾರ್, ಬರೀ ಕಟ್ಟಿದ ಹಂಗೆ ಕಾಣ್ತದೆ" ಎಂದು ಓಬಯ್ಯ ವಿವರಿಸಿದ. ಕೊನೆಗೆ ರಿಲೇ. ಮುಷ್ಟಿಯಷ್ಟು ಕಪ್ಪು ಡಬ್ಬಿ. ಎಂಜಿನ್ ಓಡಿದರೆ ಎರಡು ಬ್ಯಾಟರಿಯನ್ನು ತಾನೇ ಸೇರಿಸುತ್ತದೆ, ನಿಂತರೆ ತಾನೇ ಬಿಡಿಸುತ್ತದೆ. ಯಾರ ಕೈಯೂ ಬೇಡ, ಯಾರ ಬಾಯಿಯೂ ಬೇಡ. ಎರಡು ಸ್ಕ್ರೂ ಹಾಕಿದರೆ ಮುಗಿಯಿತು. ಇಷ್ಟನ್ನು ಆವತ್ತೇ ಮಾಡಿದ್ದರೆ ಎಂದು ಯೋಚಿಸುವಾಗ ಸ್ಕ್ರೂಡ್ರೈವರ್ ಜಾರಿ ಎಡಗೈಯ ಹೆಬ್ಬೆರಳಿಗೆ ಹೊಕ್ಕಿತು. ನೋವಾದದ್ದು ಹಿತವೆನಿಸಿತು. ಇದೊಂದು ಬೇರೆ ನಾಟಕ ಎಂದು ತನ್ನನ್ನೇ ಬೈದುಕೊಂಡು ಇನ್ಸುಲೇಷನ್ ಟೇಪು ಸುತ್ತಿದ.

ಟೀ ಬಂತು. ಜಯಕುಮಾರನಿಗೆ ಗಾಜಿನ ಲೋಟ, ಓಬಯ್ಯನಿಗೆ ಪ್ಲಾಸ್ಟಿಕ್ ಕಪ್ಪು. ಹೋಟೆಲಿನವನು ಎಣಿಸಿ ತಂದ ಲೋಟ ಒಂದೇ ಇದ್ದಿರಬಹುದು. ಇದ್ದಿರಬಹುದು ಎಂದು ಓಬಯ್ಯ ಆರು ವರ್ಷದಿಂದ ಅಂದುಕೊಳ್ಳುತ್ತಿದ್ದಾನೆ. ಸಿದ್ದು ಕುರ್ಚಿಯಲ್ಲಿ ಕೂತ ದಿನ ಅವನ ಕೈಯಲ್ಲಿ ಗಾಜಿನ ಲೋಟವಿತ್ತು, ಕೇಳಿ ಇಸಕೊಂಡಿದ್ದ: "ಏ, ನಂಗೂ ಗಾಜಿಂದು ಕೊಡೋ, ಪ್ಲಾಸ್ಟಿಕ್ಕು ವಾಸನೆ." ಎಷ್ಟು ಸುಲಭವಾಗಿ ಕೇಳಿದ್ದ. ಈಗ ಬಿಸಿ ಕಪ್ಪಿನ ಅಂಚು ಹಿಡಿದು ಊದುತ್ತಿರುವಾಗ ಓಬಯ್ಯನಿಗೆ ತಟ್ಟನೆ ಹೊಳೆಯಿತು, ತನಗೆ ಉರಿದದ್ದು ಬಲ್ಬಿನ ಮಾತಿಗಲ್ಲ, ಈ ಲೋಟಕ್ಕೆ. ತನ್ನ ಜನದ ಹುಡುಗನೊಬ್ಬ ತಾನು ಬಾಯಿಬಿಟ್ಟು ಕೇಳಲಾರದ್ದನ್ನು ನಗುನಗುತ್ತ ಕೇಳಿ ಪಡೆದದ್ದನ್ನು ತಾನು ಸಹಿಸಲಿಲ್ಲ. ಸಂತೋಷಪಡಬೇಕಾದ ಜಾಗದಲ್ಲಿ ಹೊಟ್ಟೆಕಿಚ್ಚು ಪಟ್ಟೆ. ಆ ಹೊಟ್ಟೆಕಿಚ್ಚಿಗೆ ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ತಾಯಿಯ ಮುಖ ನೋಡದೆ ಹೋದಳು. ಪಕ್ಕಕ್ಕೆ ತಿರುಗಿ ಟೀ ಚೆಲ್ಲಿದ.

"ನಡಿ, ಒಂದು ರೌಂಡ್ ಹೋಗಿ ಬರಣ. ಚಾರ್ಜ್ ಆಗತ್ತಾ ನೋಡ್ಬೇಕಲ್ಲ" ಎಂದು ಜಯಕುಮಾರ್ ತಾನೇ ಸ್ಟೇರಿಂಗು ಹಿಡಿದ. ಓಬಯ್ಯ ಮೀಟರನ್ನು ಮಡಿಲಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕೂತ. ಸಾಗರ ರಸ್ತೆ. ತ್ಯಾವರೆಕೊಪ್ಪದ ಹುಲಿ ನೋಡಲು ಹೊರಟ ಮಕ್ಕಳ ಬಸ್ಸೊಂದು ಕೂಗುತ್ತ ಮುಂದೆ ಹೋಯಿತು. ಕ್ಯಾಬಿನ್ನಿನಲ್ಲಿ ಇಬ್ಬರೇ. ಹೇಳುವುದಿದ್ದರೆ ಇದೇ ಜಾಗ, ಇದೇ ಹೊತ್ತು. ಹೇಳಿದರೆ ಏನಾಗುತ್ತದೆ? ಜಯಕುಮಾರ್ ಇನ್ನು ತನ್ನ ಶೆಡ್ಡಿಗೆ ಬರುವುದಿಲ್ಲ. ಅವನು ಬರದಿದ್ದರೆ ಅವನ ಕಡೆಯ ನಾಲ್ಕು ಜನ ಬರುವುದಿಲ್ಲ. ಅದೇನು ದೊಡ್ಡದಲ್ಲ, ಗಂಜಿಗೆ ತೊಂದರೆಯಿಲ್ಲ. ಕೇರಿಯಲ್ಲಿ? ಓಬಯ್ಯನ ಮಾತೆಂದರೆ ಮಾತು ಎನ್ನುತ್ತಾರೆ. ಸತ್ತರೆ, ಕೆಟ್ಟರೆ, ಹೆಣ್ಣು ನೋಡಲು ಬಂದರೆ ಮೊದಲು ಕರೆಯುವುದು ಅವನನ್ನು. ಶೀಲಾ ಮಣ್ಣಿನಿಂದ ರವಿಕೆ ಬಟ್ಟೆ ಆರಿಸುತ್ತ ತಲೆಯೆತ್ತಿ ನೋಡಿದ್ದಳಲ್ಲ, ಆ ನೋಟ ಹೋಗುತ್ತದೆ. ಅದು ಹೋಗುವುದನ್ನು ತಾನು ತಾಳಲಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆರೆದ.

"ಸಾರ್, ಸಿದ್ದು ವಿಷ್ಯ ಒಂದು ಮಾತು..."

"ನಾನೂ ಅದೇ ಯೋಚ್ನೆ ಮಾಡ್ತಿದ್ದೆ ಕಣಯ್ಯ" ಎಂದ ಜಯಕುಮಾರ್, ಗೇರ್ ಬದಲಾಯಿಸುತ್ತ. "ಈಗಿರೋ ಡ್ರೈವರ್ ಕುಡಿತಾನೆ. ಸಿದ್ದು ಕುಡಿಯಲ್ಲ, ಹೆಣದ ಮನೇಲಿ ಹೆಂಗಿರ್ಬೇಕು ಅಂತ ಗೊತ್ತು. ಸ್ವಿಚ್ ಒಂದು ಮರೆತ. ಈಗ ಮರೆಯೋಕೆ ಸ್ವಿಚ್ಚೇ ಇಲ್ವಲ್ಲ! ಕರೆಸ್ಲಾ? ನೀನು ಜವಾಬ್ದಾರಿ ತಗೋತೀಯಾ?"

ಓಬಯ್ಯ ಮೀಟರಿನ ಮುಳ್ಳನ್ನು ನೋಡಿದ. ಎರಡನೆಯ ಬ್ಯಾಟರಿ ಸರಿಯಾಗಿ ತುಂಬಿಕೊಳ್ಳುತ್ತಿತ್ತು. ಎದೆಯ ಮೇಲಿನ ಭಾರ ಯಾರೋ ಎತ್ತಿ ಪಕ್ಕಕ್ಕೆ ಇಟ್ಟಂತಾಯಿತು, ಮತ್ತು ಅದು ಎಷ್ಟು ಅಗ್ಗದ ಬಿಡುಗಡೆ ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು. ಸಿದ್ದುವಿಗೆ ಕೆಲಸ ಸಿಗುತ್ತದೆ, ತನ್ನ ಹೆಸರು ಉಳಿಯುತ್ತದೆ, ಸತ್ಯ ಯಾರಿಗೆ ಬೇಕು? "ತಗೋತೀನಿ ಸಾರ್" ಎಂದ. ಜಯಕುಮಾರ್ ಗಾಡಿ ಓಡಿಸುತ್ತಲೇ ಮೊಬೈಲ್ ತೆಗೆದು, ಸಿದ್ದುವಿನ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿ, ಶಿವಮೊಗ್ಗಕ್ಕೆ ಬಾ ಎಂದು ಹೇಳಿಸಿದ. ಆಯನೂರಿನ ಹತ್ತಿರ ಗಾಡಿ ತಿರುಗಿಸಿಕೊಂಡರು. ಹಿಂದೆ ಬರುವಾಗ ಜಯಕುಮಾರ್ ತನ್ನ ಮಗಳು ದಿವ್ಯಶ್ರೀಯ ಭರತನಾಟ್ಯದ ಬಗ್ಗೆ ಮಾತಾಡಿದ. ಓಬಯ್ಯ ಹೌದಾ ಸಾರ್, ಹೌದಾ ಸಾರ್ ಎನ್ನುತ್ತಿದ್ದ.

ಎರಡೂವರೆಗೆ ಸಿದ್ದು ಬಂದ. ಓಬಯ್ಯ ಅವನನ್ನು ಕೇರಿಯಲ್ಲಿ ದಿನಾ ನೋಡುತ್ತಿದ್ದ, ಅಂದರೆ ದಿನಾ ನೋಡದೆ ದಾಟಿಹೋಗುತ್ತಿದ್ದ. ಈಗ ಹಗಲಿನ ಬೆಳಕಲ್ಲಿ ನೋಡಿದರೆ ಮನುಷ್ಯ ಇಳಿದುಹೋಗಿದ್ದ. ಅಂಗೈಯ ಗೆರೆಗಳಲ್ಲಿ ಇಟ್ಟಿಗೆಯ ಕೆಂಪು ಕೂತಿತ್ತು. ಜಯಕುಮಾರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. "ಇರ್ಲಿ ಸಾರ್" ಎಂದ. ಜಯಣ್ಣ ಎನ್ನಲಿಲ್ಲ. ಓಬಯ್ಯನಿಗೆ ಆ ಸಾರ್ ಕಿವಿಗೆ ಹೊಡೆದಂತಾಯಿತು. ತಾನು ಆವತ್ತು ಬಯಸಿದ್ದು ಇದನ್ನೇ ಅಲ್ಲವೇ? ಈಗ ಸಿಕ್ಕಿತ್ತು.

"ಓಬಯ್ಯ ನಿನ್ನ ಜವಾಬ್ದಾರಿ ತಗೊಂಡಿದಾನೆ. ನಾಳೆಯಿಂದ ಬಾ" ಎಂದು ಹೇಳಿ ಜಯಕುಮಾರ್ ಕೀಲಿಕೈಯನ್ನು ಸಿದ್ದುವಿನ ಕೈಗೆ ಕೊಟ್ಟು, ಯಾರದೋ ಫೋನು ಬಂತೆಂದು ರಸ್ತೆಯ ಕಡೆಗೆ ನಡೆದ.

ಸಿದ್ದು ಕೀಲಿಕೈ ಹಿಡಿದುಕೊಂಡೇ ನಿಂತಿದ್ದ. ಅವನ ಕಣ್ಣಲ್ಲಿ ನೀರು ಬಂತು. ಓಬಯ್ಯ ಬೇಗಬೇಗ ಗಾಡಿಯ ಪಕ್ಕಕ್ಕೆ ಕರೆದು, ಎರಡನೆಯ ಬ್ಯಾಟರಿ ತೋರಿಸಿದ, ಕಪ್ಪು ಡಬ್ಬಿ ತೋರಿಸಿದ. "ಇದು ತಾನಾಗೇ ಬಿಡಿಸ್ತದೆ, ತಾನಾಗೇ ಸೇರಿಸ್ತದೆ. ನೀನೇನೂ ಮಾಡೋದು ಬ್ಯಾಡ."

"ಅವತ್ತೂ ಎಷ್ಟು ಚೆನ್ನಾಗಿ ಹೇಳಿದ್ರಿ ಮಾವ ನೀವು" ಎಂದ ಸಿದ್ದು.

"ಯಾವತ್ತು?"

"ಅವತ್ತೇ, ನೀರು ಹಾಕ್ಸೋಕೆ ಬಂದಾಗ. ನೀವು ಗಾಡಿ ಕೆಳಗಿಂದ ಎದ್ದು ಬಂದ್ರಿ, ಬಟ್ಟೆಲಿ ಕೈ ಒರೆಸ್ಕೊಂತಾ ನನ್ನ ಮುಂದೆ ನಿಂತ್ರಿ. ಗಾಡಿ ನಿಂತ ತಕ್ಷಣ ಸ್ವಿಚ್ ಎತ್ತು ಅಂದ್ರಿ. ಮೊದಮೊದ್ಲು ನಂಗೆ ನೆನಪೇ ಬರ್ಲಿಲ್ಲ. ಇಟ್ಟಿಗೆ ಹೊರೋವಾಗ ದಿನಾ ಯೋಚ್ನೆ ಮಾಡ್ತಿದ್ದೆ, ಮಾವ ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತ. ಆಮೇಲೆ ಒಂದಿನ ಎಲ್ಲಾ ಕಣ್ಣಿಗೆ ಕಟ್ಟಿದಂಗೆ ನೆನಪಾತು. ನಾನೇ ಜಂಬದಲ್ಲಿ ಕೇಳಿಸ್ಕೊಳ್ಳಲಿಲ್ಲ."

ಓಬಯ್ಯ ಗಾಡಿಯ ಪಕ್ಕೆಗೆ ಕೈಯೂರಿದ. ಕೈ ಒರೆಸಿಕೊಂಡದ್ದು ನಿಜ, ಎದುರು ನಿಂತದ್ದು ನಿಜ. ಮಾತನ್ನು ಮಾತ್ರ ಈ ಹುಡುಗ ಒಂದು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತು ಹೊತ್ತು ತಾನೇ ತಯಾರಿಸಿಕೊಂಡಿದ್ದ.

"ಸಿದ್ದು, ನಾನು ಅವತ್ತು ಹೇಳಿರ್ಲಿಲ್ಲ."

ಸಿದ್ದು ನಕ್ಕ. "ಬಿಡಿ ಮಾವ. ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರಿ. ನಿಮ್ದು ದೊಡ್ಡ ಮನಸ್ಸು."

"ದೊಡ್ಡ ಮನಸ್ಸಲ್ಲ ಕಣೋ. ಕೇಳು ಇಲ್ಲಿ. ನಾನು ಹೇಳ್ಲಿಲ್ಲ. ಮರೆತು ಅಲ್ಲ. ನಿನ್ನ ಮೇಲೆ ಸಿಟ್ಟಿತ್ತು, ಬೇಕಂತ್ಲೇ ಹೇಳ್ಲಿಲ್ಲ. ಆಮೇಲೆ ಜಯಕುಮಾರಪ್ಪನ ಮುಂದೆ ಸುಳ್ಳು ಹೇಳ್ದೆ."

ಸಿದ್ದುವಿನ ನಗು ನಿಂತಿತು. ಅವನು ಓಬಯ್ಯನ ಮುಖವನ್ನೇ ನೋಡಿದ, ಒಂದು ಗಳಿಗೆ ಅವನ ಕಣ್ಣಲ್ಲಿ ಏನೋ ತೆರೆದುಕೊಂಡಿತು. ಓಬಯ್ಯ ಹೊಡೆತಕ್ಕೆ ಕಾಯುವವನ ಹಾಗೆ ನಿಂತ. ಹೊಡೆಯಲಿ, ಬೈಯಲಿ, ರಸ್ತೆಯಲ್ಲಿ ನಿಂತ ಜಯಕುಮಾರನನ್ನು ಕೂಗಿ ಕರೆಯಲಿ. ಆದರೆ ಸಿದ್ದು ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ ಮಾತಾಡಿದ.

"ಹೋದ ತಿಂಗಳು ಆ ಯಮ್ಮನ ವರ್ಷದ ತಿಥಿ ಇತ್ತು ಮಾವ. ಶಾಮಲಕ್ಕ ನಾಗಪುರದಿಂದ ಬಂದಿದ್ರು. ನಾನು ಹೊಳಲೂರಿಗೆ ಹೋಗಿದ್ದೆ. ಯಾರಿಗೂ ಹೇಳಿಲ್ಲ, ಶೀಲಂಗೂ ಹೇಳಿಲ್ಲ. ಅಷ್ಟು ಜನದ ಮುಂದೆ ಆ ಯಕ್ಕನ ಕಾಲಿಗೆ ಬಿದ್ದೆ. ಮಾವ ಹೇಳಿದ್ರು, ನಾನು ಮರೆತೆ, ನನ್ನಿಂದ ನಿಮ್ಮ ತಾಯಿ ಮುಖ ನಿಮಗೆ ಸಿಗ್ಲಿಲ್ಲ ಅಂತ ಅತ್ಬಿಟ್ಟೆ. ಅವ್ರು ನನ್ನ ಎಬ್ಬಿಸಿ ಊಟಕ್ಕೆ ಕೂರಿಸಿದ್ರು. ಅವತ್ತು ರಾತ್ರಿ ನಿದ್ದೆ ಬಂತು ಮಾವ ನಂಗೆ. ಒಂದು ವರ್ಷ ಆದ್ಮೇಲೆ."

ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಮಾಡುತ್ತ ಹೋಯಿತು. ಸಿದ್ದು ಕೀಲಿಕೈಯನ್ನು ಮುಷ್ಟಿಯೊಳಗೆ ಒತ್ತಿ ಹಿಡಿದಿದ್ದ.

"ಈಗ ನೀವು ಹೇಳಿರ್ಲಿಲ್ಲ ಅಂದ್ರೆ, ನಾನು ಅಲ್ಲಿ ಹೋಗಿ ಮಾಡಿದ್ದೇನು? ಹಂಗನ್ನಬ್ಯಾಡಿ. ಹೇಳಿದ್ರಿ ಮಾವ. ನೀವು ಹೇಳಿದ್ರಿ."

ಕೇಳುತ್ತಿದ್ದನೋ ಬೇಡುತ್ತಿದ್ದನೋ ತಿಳಿಯಲಿಲ್ಲ. ಆ ಹೆಂಗಸು ಕ್ಷಮಿಸಿ ಹಾಕಿದ ಅನ್ನ ಕೂಡ ಓಬಯ್ಯನ ಪಾಲಿನದಾಗಿತ್ತು, ಅದನ್ನೂ ಇವನೇ ಉಂಡು ಬಂದಿದ್ದ. ಇನ್ನು ಅದನ್ನು ಅವನ ಹೊಟ್ಟೆಯಿಂದ ಕಕ್ಕಿಸಿ ಏನು ಸಿಗುತ್ತದೆ? ಜಯಕುಮಾರ್ ಫೋನು ಮುಗಿಸಿ ಇತ್ತ ಬರುತ್ತಿದ್ದ.

"ಹೇಳಿದ್ದೆ" ಎಂದ ಓಬಯ್ಯ. "ಹೇಳಿದ್ದೆ ಕಣೋ. ನೀನೇ ಮರೆತೆ."

ಸಿದ್ದು ಉಸಿರು ಬಿಟ್ಟು ತಲೆಯಾಡಿಸಿದ, ಬಾಗಿಲು ತೆಗೆದು ಗಾಡಿ ಹತ್ತಿದ.